ಬುದ್ಧಿಮಾತು ಬಿಟ್ಟರೆ ಇನ್ನೇನು ಹೇಳೋದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ವಯಸ್ಸು 41. ಮಕ್ಕಳು, ಕೆಲವೊಮ್ಮೆ ಅವರ ತಾಯಂದಿರೂ ಬಂದು ಮನೆ ಕಷ್ಟ ಹೇಳಿಕೊಳ್ಳುತ್ತಾರೆ. ನನಗೆ ತಿಳಿದ ಬುದ್ಧಿಮಾತು ಹೇಳಿ ಕಳಿಸುತ್ತೇನೆ. ತಲೆಯಾಡಿಸಿ ಹೋಗುತ್ತಾರೆ, ಆದರೆ ಏನೂ ಬದಲಾಗುವುದಿಲ್ಲ. ಕೆಲವರು ಮತ್ತೆ ಬರುವುದೇ ಇಲ್ಲ. ಆಪ್ತಸಮಾಲೋಚನೆಯನ್ನು ಮೊದಲಿನಿಂದ ಕಲಿಯಬೇಕು ಅನ್ನಿಸಿದೆ. ಪುಸ್ತಕ ತೆಗೆದರೆ ಫ್ರಾಯ್ಡ್, ರೋಜರ್ಸ್, ಸಿಬಿಟಿ ಅಂತ ತಲೆ ತಿರುಗುತ್ತದೆ. ಎಲ್ಲಿಂದ ಶುರು ಮಾಡಲಿ? ಮೊಬೈಲಿನಲ್ಲಿ ಹದಿನೈದು ದಿನದ ಸರ್ಟಿಫಿಕೇಟ್ ಕೋರ್ಸಿನ ಜಾಹೀರಾತು ಬರುತ್ತಿರುತ್ತದೆ, ಸೇರಬಹುದಾ? ಮನೆಯವರ ಜೊತೆ ಅಭ್ಯಾಸ ಮಾಡಿದರೆ ನಡೆಯುತ್ತದಾ?

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಕೆಲವರು ಮತ್ತೆ ಬರುವುದೇ ಇಲ್ಲ" ಅನ್ನುವ ಮಾತು. ಸುಮಾರು ಜನ ಇದನ್ನು ಗಮನಿಸುವುದೇ ಇಲ್ಲ. ಬರದೇ ಹೋದವರ ಸಮಸ್ಯೆ ಬಗೆಹರಿದಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ.

ಈ ಕೆಲಸಕ್ಕೆ ಬಂದ ಹೊಸತು. ಓದು ಮುಗಿದಿತ್ತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೂ ಆಗಿತ್ತು. ಒಬ್ಬ ತಾಯಿ ಬಂದರು. ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದ, ಯಾರ ಜೊತೆಗೂ ಮಾತಿಲ್ಲ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಹದಿಹರೆಯ ಅಂದರೇನು, ಮಗನ ಜೊತೆ ಹೇಗಿರಬೇಕು, ಬೈಯಬಾರದು, ಪಕ್ಕದ ಮನೆ ಹುಡುಗನಿಗೆ ಹೋಲಿಸಬಾರದು, ಒಂದೂ ಬಿಡಲಿಲ್ಲ. ಅವರು ಎಲ್ಲದಕ್ಕೂ "ಹೂಂ" ಅಂದರು. ಎದ್ದು ಹೋಗುವಾಗ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, "ಇದನ್ನೇ ನಮ್ಮ ಅತ್ತಿಗೆನೂ ಹೇಳಿದ್ರು ಸರ್" ಅಂದರು. ಚುಚ್ಚಬೇಕು ಅಂತಲ್ಲ, ಇದ್ದದ್ದು ಹೇಳಿದರು. ಮತ್ತೆ ಬರಲಿಲ್ಲ.

ಅತ್ತಿಗೆ ಪುಕ್ಕಟೆ ಹೇಳಿದ್ದನ್ನು ನಾನು ಫೀಸು ತೆಗೆದುಕೊಂಡು ಹೇಳಿದ್ದೆ, ಅಷ್ಟೇ. ಆ "ಹೂಂ" ಅನ್ನು ನಾನು ಒಪ್ಪಿಗೆ ಅಂತ ತಿಳಿದಿದ್ದೆ. ಅದು "ಬೇಗ ಮುಗಿಸಿ, ಬಸ್ಸಿಗೆ ಹೊತ್ತಾಯ್ತು" ಅನ್ನುವ ಹೂಂ. ನಿಮ್ಮ ಮಕ್ಕಳು ತಲೆಯಾಡಿಸುವುದೂ ಇದೇ ಜಾತಿಯದು.

ಕಷ್ಟ ಹೇಳಿಕೊಳ್ಳಲು ಬರುವವರಿಗೆ ಬುದ್ಧಿಮಾತಿನ ಬರ ಇರುವುದಿಲ್ಲ. ಊರ ತುಂಬ ಹೇಳುವವರೇ. ನಿಮ್ಮ ಹತ್ತಿರ ಬರುವ ಹುಡುಗನಿಗೆ ಚೆನ್ನಾಗಿ ಓದಬೇಕು ಅನ್ನುವುದು ಗೊತ್ತಿಲ್ಲವೇ? ಆ ತಾಯಿಗೆ ಗಂಡನ ಕುಡಿತ ಬಿಡಿಸಬೇಕು ಅನ್ನುವುದು ಗೊತ್ತಿಲ್ಲವೇ? ಗೊತ್ತಿದ್ದೂ ಆಗುತ್ತಿಲ್ಲ, ಅದೇ ಅವರ ಕಷ್ಟ. ಹಾಗಾಗಿ ಎಲ್ಲಿಂದ ಶುರು ಮಾಡಲಿ ಅಂದರೆ, ನಾಲಿಗೆ ತುದಿಗೆ ಬಂದ ಸಲಹೆಯನ್ನು ನುಂಗಿಕೊಳ್ಳುವುದರಿಂದ ಶುರು ಮಾಡಿ. ಪಾಠ ಮಾಡುವವರಿಗೆ ಇದು ಬಲು ಕಷ್ಟ. ಇಪ್ಪತ್ತು ವರ್ಷ ಉತ್ತರ ಹೇಳಿಕೊಟ್ಟ ಬಾಯಿ ಅದು.

ಹಾಗಾದರೆ ಆ ಜಾಗದಲ್ಲಿ ಹೇಳುವುದೇನು? ಅವರು ಹೇಳಿದ್ದನ್ನೇ, ನಿಮಗೆ ಅರ್ಥವಾದ ಹಾಗೆ, ಅವರಿಗೆ ವಾಪಸ್ ಹೇಳುವುದು. ಕೇಳಲು ಪೆದ್ದು ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಬರೆದು ತೋರಿಸುತ್ತೇನೆ, ನೀವೇ ನೋಡಿ. ಒಂಬತ್ತನೇ ಕ್ಲಾಸಿನ ಹುಡುಗ, ನಾಲ್ಕು ದಿನ ಶಾಲೆಗೆ ಬಂದಿಲ್ಲ.

"ಯಾಕೋ, ನಾಕ್ ದಿನ ಸಾಲಿಗೆ ಬಂದಿಲ್ಲ?"
"ಸುಮ್ನ ರೀ ಟೀಚರ್."
"ಸುಮ್ನ ಅಂದ್ರ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಹಿಂಗ ಮಾಡಿದ್ರ ಹೆಂಗ? ನಿಮ್ಮವ್ವ ಎಷ್ಟ್ ಕಷ್ಟಪಡ್ತಾಳ ಗೊತ್ತೈತಿಲ್ಲ?"
"ಹೂಂ ರೀ."
"ನಾಳಿಂದ ತಪ್ಪಿಸಂಗಿಲ್ಲ."
"ಹೂಂ ರೀ."

ಎರಡು ಹೂಂ, ಬಾಗಿಲು ಬಂದ್. ಈಗ ಇನ್ನೊಂದು ಥರ.

"ನಾಕ್ ದಿನ ಕಾಣಲಿಲ್ಲ ನೀನು. ಏನಾತು?"
"ಏನಿಲ್ರಿ. ಸಾಲಿಗೆ ಬರಾಕ ಮನಸ್ಸಾಗವಲ್ದು."
"ಬರಾಕ ಮನಸ್ಸಾಗವಲ್ದು."
(ಹುಡುಗ ಸುಮ್ಮನಿದ್ದಾನೆ. ನೀವೂ ಸುಮ್ಮನಿದ್ದೀರಿ.)
"ಅಪ್ಪ ಈಗ ಹಗಲೊತ್ತೇ ಕುಡದು ಬರ್ತಾನ್ರಿ. ಮನ್ಯಾಗ ಅವ್ವ ಒಬ್ಬಾಕಿನೇ ಇರ್ತಾಳ."
"ನೀ ಇಲ್ಲಿ ಕುಂತ್ರೂ ಜೀವ ಅಲ್ಲೇ ಇರತೈತಿ. ಅವ್ವಗ ಏನರ ಆದೀತು ಅಂತ."
"ಹೌದ್ರಿ ಟೀಚರ್."

ಎರಡನೆಯದರಲ್ಲಿ ನೀವು ಸಲಹೆ ಕೊಡಲಿಲ್ಲ, ಪರಿಹಾರ ಹೇಳಲಿಲ್ಲ. ಆದರೆ ಹುಡುಗ ಓದಿಗೆ ಬೇಸತ್ತು ತಪ್ಪಿಸುತ್ತಿಲ್ಲ, ಅವ್ವನಿಗೆ ಕಾವಲು ಕೂತಿದ್ದಾನೆ ಅನ್ನುವುದು ಗೊತ್ತಾಯಿತು. ಮೊದಲನೆಯದರಲ್ಲಿ "ನಿಮ್ಮವ್ವ ಎಷ್ಟು ಕಷ್ಟಪಡ್ತಾಳೆ" ಅಂತ ಅವನಿಗೇ ಹೇಳಿಕೊಟ್ಟಿದ್ದಿರಿ, ನೆನಪಿದೆಯಾ? ಕೊನೆಯ ಮಾತನ್ನೂ ಗಮನಿಸಿ. ಹೂಂ ಹೋಗಿ ಹೌದು ಬಂತು. ನನಗೆ ಇವತ್ತಿಗೂ ಇದೇ ಅಳತೆಗೋಲು. ಎದುರಿನವರು ಹೂಂ ಅನ್ನುತ್ತಿದ್ದಾರೆ ಅಂದರೆ ನಾನು ಮಾತು ಜಾಸ್ತಿ ಆಡುತ್ತಿದ್ದೇನೆ. "ಹೌದು ಸರ್, ಅದೇ, ಅದೇ" ಅಂದರೆ ಸರಿಯಾದ ಜಾಗದಲ್ಲಿ ಕೈ ಇಟ್ಟಿದ್ದೇನೆ. "ಹಾಗಲ್ಲ ಸರ್" ಅಂದರೂ ಒಳ್ಳೆಯದೇ. ಅವರೇ ತಿದ್ದಿ ಹೇಳುತ್ತಾರೆ, ಮಾತು ಮುಂದೆ ಹೋಗುತ್ತದೆ.

ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದವರು ಅಮೆರಿಕದ ಕಾರ್ಲ್ ರೋಜರ್ಸ್ (1902–1987). 1940ರ ಸುಮಾರಿಗೆ ಅವರು ಒಂದು ಧೈರ್ಯದ ಕೆಲಸ ಮಾಡಿದರು. ಭೇಟಿಯ ಮಾತುಕತೆಯನ್ನು ಆ ಕಾಲದ ಗ್ರಾಮೋಫೋನ್ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿದರು. 1942ರ ಪುಸ್ತಕದಲ್ಲಿ ಒಬ್ಬನೇ ವ್ಯಕ್ತಿಯ ಜೊತೆ ನಡೆದ ಎಂಟು ಭೇಟಿಗಳ ಮಾತನ್ನು ಪೂರ್ತಿ ಅಚ್ಚು ಹಾಕಿದರು. ಅಲ್ಲಿಯವರೆಗೆ ಆ ಕೋಣೆಯೊಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಚಿಕಿತ್ಸಕರ ನೆನಪೇ ಸಾಕ್ಷಿ. ನಮ್ಮ ನೆನಪು ಯಾವಾಗಲೂ ನಮ್ಮ ಪರವೇ ಸಾಕ್ಷಿ ಹೇಳುತ್ತದೆ! ನಾನು ಕಲಿಯುವಾಗ ಸಹಪಾಠಿಯ ಜೊತೆ ಮಾಡಿದ ಇಪ್ಪತ್ತು ನಿಮಿಷದ ಅಭ್ಯಾಸವನ್ನು ರೆಕಾರ್ಡ್ ಮಾಡಿ ಕೇಳಿದಾಗ ಹದಿನಾಲ್ಕು ನಿಮಿಷ ನನ್ನ ದನಿಯೇ ಇತ್ತು. ಕೇಳುತ್ತಿದ್ದೇನೆ ಅಂತ ನಾನು ನಂಬಿದ್ದ ಇಪ್ಪತ್ತು ನಿಮಿಷ ಅದು.

1957ರಲ್ಲಿ ರೋಜರ್ಸ್ ಒಂದು ಲೇಖನ ಬರೆದು, ಮನುಷ್ಯ ಬದಲಾಗಲು ಸಹಾಯ ಮಾಡುವವರಲ್ಲಿ ಏನಿರಬೇಕು ಅಂತ ಹೇಳಿದರು. ಅದರಲ್ಲಿ ಮೂರು ಇವತ್ತಿಗೂ ಮೊದಲ ಪಾಠ. ಎದುರಿನವರ ಜಾಗದಲ್ಲಿ ನಿಂತು ನೋಡುವುದು. ಅವರು ಹೇಗಿದ್ದಾರೋ ಹಾಗೇ ಆದರದಿಂದ ಒಪ್ಪಿಕೊಳ್ಳುವುದು, ಅಂದರೆ ಮಾರ್ಕ್ಸ್ ಬಂದರೆ ಮಾತ್ರ ಪ್ರೀತಿ ಅನ್ನುವ ಕರಾರು ಹಾಕದೆ ಇರುವುದು. ಮೂರನೆಯದು, ಒಳಗೊಂದು ಹೊರಗೊಂದು ಇಲ್ಲದಿರುವುದು. ಮೊದಲನೆಯದಕ್ಕೆ ಕನ್ನಡ ಪುಸ್ತಕಗಳಲ್ಲಿ ಸಹಾನುಭೂತಿ, ಪರಾನುಭೂತಿ, ಅನುಭೂತಿ ಅಂತ ಏನೇನೋ ಬರೆಯುತ್ತಾರೆ. ಶಬ್ದಕ್ಕೆ ಜಗಳ ಬೇಡ. "ಅಯ್ಯೋ ಪಾಪ" ಅನ್ನುವುದಕ್ಕೂ ಅದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು. ಅಯ್ಯೋ ಪಾಪ ಅನ್ನುವವರು ದಂಡೆಯ ಮೇಲೆ ನಿಂತಿರುತ್ತಾರೆ.

ಇನ್ನು ನನಗೆ ತುಂಬಾ ಇಷ್ಟದ ವಿಷಯ. ಇಂಗ್ಲಿಷ್ ಪುಸ್ತಕಗಳು "ಎದುರಿನವರ ಭಾವನೆಯನ್ನು ಹೆಸರಿಟ್ಟು ಹೇಳಿ" ಅನ್ನುತ್ತವೆ. ಕಲಿಯುವವರು ಅದನ್ನು ಕನ್ನಡಕ್ಕೆ ತಿರುಗಿಸಿ, ಹುಡುಗನ ಮುಂದೆ "ನಿನಗೆ ಆತಂಕ ಉಂಟಾಗಿದೆಯೇ?" ಅನ್ನುತ್ತಾರೆ. ಹುಡುಗ ಮಿಕಿಮಿಕಿ ನೋಡುತ್ತಾನೆ. ಆತಂಕ, ಖಿನ್ನತೆ, ಕ್ರೋಧ ಎಲ್ಲ ಪೇಪರಿನಲ್ಲಿ ಇರುತ್ತವೆ. ಮನೆಯಲ್ಲಿ ಇರುವುದು ಬೇಜಾರು.

ಈ ಬೇಜಾರು ಇದೆಯಲ್ಲ, ಅದೊಂದು ದೊಡ್ಡ ಜೋಳಿಗೆ. ಗೆಳತಿ ಮಾತು ಬಿಟ್ಟರೂ ಬೇಜಾರು, ಪಾಠ ಹಿಡಿಸದಿದ್ದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಅಪ್ಪ ನೆಂಟರ ಎದುರು ಬೈದರೂ ಬೇಜಾರು. ಒಂದರಲ್ಲಿ ಒಂಟಿತನ, ಇನ್ನೊಂದರಲ್ಲಿ ಸಾಕಾಗಿರುವುದು, ಮತ್ತೊಂದರಲ್ಲಿ ಸಂಕಟ, ಕೊನೆಯದರಲ್ಲಿ ಅವಮಾನ. ಬೇಜಾರು ಅಂದ ಕೂಡಲೇ "ಬೇಜಾರು ಮಾಡ್ಕೋಬೇಡ" ಅಂದುಬಿಟ್ಟರೆ ಜೋಳಿಗೆ ಬಿಚ್ಚದೆ ವಾಪಸ್ ಕಳಿಸಿದ ಹಾಗೆ. "ಬೇಜಾರು ಅಂದ್ರೆ ಹೆಂಗ ಆಗತೈತಿ? ಸ್ವಲ್ಪ ಬಿಡಿಸಿ ಹೇಳು" ಅನ್ನಿ. ಭಾವನೆಯ ಹೆಸರು ಹೇಳಲು ಬಾರದವರಿಗೂ ಮೈಯಲ್ಲಿ ಅದು ಎಲ್ಲಿದೆ ಅನ್ನುವುದು ಗೊತ್ತಿರುತ್ತದೆ. ಎದೆ ಮೇಲೆ ಕಲ್ಲು ಇಟ್ಟಂಗೆ ಅನ್ನುತ್ತಾರೆ. ಹೊಟ್ಟೆ ತೊಳೆಸಿದಂಗೆ, ಕೈಕಾಲು ಸತ್ತಂಗೆ, ತಲೆ ಧಿಮ್ ಅಂದಂಗೆ. ಹೀಗೆ ಹೇಳುವ ಹೆಂಗಸರನ್ನು ಆಸ್ಪತ್ರೆಗಳಲ್ಲಿ ಬರೀ ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರು ಮನಸ್ಸಿನ ಮಾತನ್ನೇ ಹೇಳುತ್ತಿರುತ್ತಾರೆ, ಮೈಯ ಭಾಷೆಯಲ್ಲಿ. ಹಾಗಂತ ಮೈಯ ಕಾಯಿಲೆ ಇರಲಾರದು ಅಂತಲೂ ಅಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯಿಡ್ ಇರಬಹುದು. ಡಾಕ್ಟರಿಗೆ ತೋರಿಸಿದ್ದೀರಾ ಅಂತ ಒಮ್ಮೆ ಕೇಳಿಬಿಡಿ.

ನಿಮಗೆ ಮೊದಲ ಹೋಮ್‌ವರ್ಕ್ ಇದೇ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಊರಿನಲ್ಲಿ ಜನ ಮನಸ್ಸಿನ ಬಗ್ಗೆ ಆಡುವ ಮಾತುಗಳನ್ನು ಒಂದು ತಿಂಗಳು ಬರೆಯಿರಿ. ಕಸಿವಿಸಿ, ತಳಮಳ, ದಿಗಿಲು, ಅಳುಕು, ಮುಜುಗರ, ಹಳಹಳಿ, ಜೀವ ಚುರ್ ಅಂತು, ಚಿಂತಿ ಹಚ್ಕೊಂಡಾಳ. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆ ಆವರಣದ ಮರದ ಬೆಂಚಿನ ಮೇಲೆ ಕೂರಿಸಿದರು. ಆ ಅಜ್ಜಿಯರು ಡಿಪ್ರೆಶನ್ ಅನ್ನುವ ಶಬ್ದ ಬಳಸುವುದಿಲ್ಲ. ಶೋನಾ ಭಾಷೆಯಲ್ಲಿ "ಕುಫುಂಗಿಸಿಸಾ" ಅನ್ನುತ್ತಾರೆ. ಅಂದರೆ ಅತಿಯಾಗಿ ಯೋಚನೆ ಮಾಡುವುದು. ನಿಮ್ಮ ಊರಿನ "ಚಿಂತಿ ಹಚ್ಕೊಂಡಾಳ" ಅನ್ನುವುದಕ್ಕೆ ಎಷ್ಟು ಹತ್ತಿರ ನೋಡಿ.

ಸಣ್ಣಪುಟ್ಟ ವಿಷಯ ಕೆಲವಿವೆ. "ಯಾಕೆ" ಅನ್ನುವ ಪ್ರಶ್ನೆಯನ್ನು ಒಂದು ವಾರ ಕೈಬಿಟ್ಟು ನೋಡಿ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಯಾಕೆ ಅನ್ನುವುದು ಬೈಯುವ ಮೊದಲು ಬರುವ ಶಬ್ದ. ಯಾಕೆ ಲೇಟು, ಯಾಕೆ ಮಾರ್ಕ್ಸ್ ಕಡಿಮೆ. ಕೇಳಿದ ತಕ್ಷಣ ಮಗು ನೆಪ ಹುಡುಕಲು ಹೊರಡುತ್ತದೆ. "ಏನಾಯ್ತು", "ಯಾವಾಗಿಂದ ಹೀಗೆ", "ಆಮೇಲೆ" ಇಷ್ಟರಲ್ಲೇ ಬಹಳ ದೂರ ಹೋಗಬಹುದು. ಹೌದು ಅಥವಾ ಇಲ್ಲ ಅಂತ ಮುಗಿದುಹೋಗುವ ಪ್ರಶ್ನೆಗಳನ್ನೂ ಕಡಿಮೆ ಮಾಡಿ.

ಕೂರುವ ಬಗ್ಗೆ ಜೆರಾರ್ಡ್ ಈಗನ್ ಅನ್ನುವವರು 1975ರಲ್ಲಿ ಕೊಟ್ಟ ಸೂತ್ರ ಎಲ್ಲ ತರಬೇತಿಯಲ್ಲೂ ಬರುತ್ತದೆ. ಎದುರಾಬದುರು ಕೂರಿ, ಕೈ ಕಟ್ಟಬೇಡಿ, ಸ್ವಲ್ಪ ಮುಂದೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಆರಾಮಾಗಿರಿ ಅಂತ. ಒಳ್ಳೆಯ ಸೂತ್ರವೇ. ಆದರೆ ನಮ್ಮ ಕಡೆ ಹದಿನಾಲ್ಕರ ಹುಡುಗಿಗೆ ಗಂಡು ಮೇಷ್ಟ್ರು ಹೀಗೆ ಎದುರು ಕೂತು ಕಣ್ಣಿಟ್ಟು ನೋಡಿದರೆ ಅವಳು ಓಡಿಹೋಗುತ್ತಾಳೆ. ದೊಡ್ಡವರ ಕಣ್ಣು ನೋಡಿ ಮಾತಾಡುವುದು ಉದ್ಧಟತನ ಅಂತ ಕಲಿತ ಮಕ್ಕಳು ಇವರು. ಪಕ್ಕಕ್ಕೆ, ಸ್ವಲ್ಪ ಓರೆಯಾಗಿ ಕೂರಿ. ಶಾಲೆಯ ಕಟ್ಟೆ ಆದೀತು. ಗಿಡಕ್ಕೆ ನೀರು ಹಾಕುತ್ತಾ ಮಾತಾಡಿದರೂ ಆದೀತು. ಗಂಡುಹುಡುಗರಂತೂ ಕೈಗೊಂದು ಕೆಲಸ ಇದ್ದರೆ ಮಾತ್ರ ಬಾಯಿ ಬಿಡುತ್ತಾರೆ.

ಇನ್ನು ಅಳು. ಎದುರಿನವರು ಅತ್ತ ಕೂಡಲೇ ನಾವು ನೀರಿನ ಲೋಟ ಹಿಡಿದು ಓಡುತ್ತೇವೆ. ನೀರು ಕೊಡುವುದು ತಪ್ಪಲ್ಲ, ಆದರೆ ಕೊಡುವ ಹೊತ್ತು ನೋಡಿ. ಅಳು ಶುರುವಾದ ಕ್ಷಣಕ್ಕೇ ಲೋಟ ಮುಂದೆ ಬಂದರೆ ಅದಕ್ಕೆ "ಸಾಕು, ನಿಲ್ಲಿಸು" ಅಂತಲೇ ಅರ್ಥ. ನೋಡಲಾಗದೆ ಚಡಪಡಿಸುತ್ತಿರುವವರು ನಾವು. ಮನಸ್ಸಿನಲ್ಲೇ ನಿಧಾನಕ್ಕೆ ಇಪ್ಪತ್ತರವರೆಗೆ ಎಣಿಸಿ. ಮೊದಮೊದಲು ಏಳೆಂಟಕ್ಕೇ ಬಾಯಿ ತೆರೆಯುತ್ತದೆ. ಸುಮ್ಮನಿದ್ದ ಆ ಹೊತ್ತಿನ ಆಚೆಗೇ ಬಹಳ ಸಲ ನಿಜವಾದ ಮಾತು ಇರುತ್ತದೆ.

ಈಗ ಸಿದ್ಧಾಂತಕ್ಕೆ ಬರೋಣ. ನಿಮಗೆ ತಲೆ ತಿರುಗಿದ್ದು ಅದನ್ನು ಹೆಸರುಗಳ ಪಟ್ಟಿಯಾಗಿ ಓದಿದ್ದರಿಂದ. ಒಂದು ಹುಡುಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ. ಎಸ್ಸೆಸ್ಸೆಲ್ಸಿ ಹುಡುಗಿ, ಪ್ರಿಪರೇಟರಿ ಪರೀಕ್ಷೆಯ ಗಣಿತದಲ್ಲಿ 22 ಬಂದಿದೆ. ಅವತ್ತಿನಿಂದ ನಿದ್ದೆ ಇಲ್ಲ, ಪುಸ್ತಕ ತೆಗೆದರೆ ವಾಂತಿ ಬಂದ ಹಾಗಾಗುತ್ತದೆ.

ವಿಯೆನ್ನಾದ ಫ್ರಾಯ್ಡ್ (1856–1939) ಹಾದಿಯವರು, ಈ 22ರ ಹಿಂದೆ ಏನಿದೆ, ಚಿಕ್ಕವಳಿದ್ದಾಗ ಮನೆಯಲ್ಲಿ ಸೋಲು ಅಂದರೆ ಏನಾಗಿತ್ತು, ಅವಳಿಗೇ ಗೊತ್ತಿಲ್ಲದೆ ಯಾವ ಹಳೆಯ ಭಯ ಕೆಲಸ ಮಾಡುತ್ತಿದೆ ಅಂತ ಹುಡುಕುತ್ತಾರೆ. ಆ ಹಾದಿ ಉದ್ದ, ಅದಕ್ಕೆ ಬಹಳ ತರಬೇತಿ ಬೇಕು. ನೀವು ಸದ್ಯಕ್ಕೆ ಓದಿ ತಿಳಿದುಕೊಳ್ಳಿ, ಕೈ ಹಾಕಬೇಡಿ. ರೋಜರ್ಸ್ ಹಾದಿಯವರು, 22 ಬಂದರೂ ನೀನು ನೀನೇ ಅನ್ನುವ ಒಬ್ಬರು ಅವಳ ಪಕ್ಕದಲ್ಲಿ ಕೂತರೆ ಅವಳೇ ದಾರಿ ಕಂಡುಕೊಳ್ಳುತ್ತಾಳೆ ಅನ್ನುತ್ತಾರೆ.

ಮೂರನೆಯ ಹಾದಿ ಯೋಚನೆಯದು. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1955ರ ಹೊತ್ತಿಗೆ ಇದನ್ನು ಶುರು ಮಾಡಿದರು. ಮನೋವೈದ್ಯ ಆರನ್ ಬೆಕ್ ಅರವತ್ತರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಖಿನ್ನತೆಯ ರೋಗಿಗಳ ಜೊತೆ ಕೆಲಸ ಮಾಡುತ್ತಾ ಇದೇ ದಿಕ್ಕಿಗೆ ಬಂದರು. ನೀವು ಕೇಳಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಿಡಿದು ಮಾಡುವ ಚಿಕಿತ್ಸೆ, ಬೆಳೆದದ್ದು ಇಲ್ಲಿಂದ. 22 ಬಂದದ್ದು ಒಂದು ಘಟನೆ, ವಾಂತಿ ಬರುವುದು ಅದರ ಪರಿಣಾಮ. ಆದರೆ ನಡುವೆ ಒಂದು ಮಾತು ಇದೆ, ಅವಳು ತನಗೆ ತಾನೇ ಹೇಳಿಕೊಂಡದ್ದು: "ನಾನು ದಡ್ಡಿ. ಫೇಲಾದರೆ ಅಪ್ಪ ಊರಲ್ಲಿ ತಲೆ ಎತ್ತಿ ತಿರುಗಾಡೋ ಹಾಗಿಲ್ಲ." ಅದೇ ಕ್ಲಾಸಿನಲ್ಲಿ 19 ತೆಗೆದ ಹುಡುಗ ಕಬಡ್ಡಿ ಆಡಿಕೊಂಡಿದ್ದಾನಲ್ಲ, ಅವನು ಹೇಳಿಕೊಂಡ ಮಾತು ಬೇರೆ. ಆ ನಡುವಿನ ಮಾತನ್ನು ಹೊರಗೆ ತೆಗೆದು, ಇಬ್ಬರೂ ಸೇರಿ ಬೆಳಕಿಗೆ ಹಿಡಿದು ನೋಡುವುದು ಈ ಹಾದಿ. ವಿಜ್ಞಾನದ ಟೀಚರ್ ಆದ್ದರಿಂದ ನಿಮಗೆ ಇದು ಬೇಗ ಹಿಡಿಸುತ್ತದೆ. ಅಲ್ಲೇ ಅಪಾಯವೂ ಇದೆ. ಮೊದಲ ಐದು ನಿಮಿಷಕ್ಕೇ "ನಿನ್ನ ಯೋಚನೆ ತಪ್ಪು, ಸಾಕ್ಷಿ ಎಲ್ಲಿದೆ?" ಅಂತ ವಾದಕ್ಕೆ ನಿಂತರೆ ಅದು ಬುದ್ಧಿಮಾತೇ, ಬಟ್ಟೆ ಮಾತ್ರ ಹೊಸದು. ಅವಳಿಂದ ಒಮ್ಮೆ "ಹೌದ್ರಿ" ಬರಲಿ, ಆಮೇಲೆ ಯೋಚನೆಗೆ ಕೈ ಹಾಕಿ.

ನಾಲ್ಕನೆಯದು ಇನ್ನೂ ಸರಳ. ಮನಸ್ಸು ಸರಿಯಾದ ಮೇಲೆ ಎದ್ದು ಓಡಾಡುತ್ತೇನೆ ಅಂತ ಕಾಯುವ ಬದಲು, ಮೊದಲು ಸಣ್ಣದೊಂದು ಕೆಲಸ ಮಾಡುವುದು, ಮನಸ್ಸು ಹಿಂದಿನಿಂದ ಬರುತ್ತದೆ. ದಿನಾ ಸಂಜೆ ಅತ್ತಿಗೆಯ ಜೊತೆ ನೀರಿಗೆ ಹೋಗಿಬರುವುದು, ಹತ್ತು ನಿಮಿಷ ಸುಲಭದ ಲೆಕ್ಕ ಮಾಡುವುದು, ಅಷ್ಟೇ. ಇದು ಹಗುರ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಗೋವಾದಲ್ಲಿ, ಮನಃಶಾಸ್ತ್ರ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಇದನ್ನೇ ಮಾಡಿಸಿದರು. ಆರರಿಂದ ಎಂಟು ಭೇಟಿ. ತೀವ್ರ ಖಿನ್ನತೆ ಇದ್ದ 495 ಜನರ ಮೇಲೆ ನಡೆದ ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬರೀ ಮಾಮೂಲಿ ಆರೈಕೆ ಸಿಕ್ಕವರಿಗಿಂತ ಈ ಭೇಟಿಗಳೂ ಸಿಕ್ಕವರಲ್ಲಿ ಹೆಚ್ಚು ಜನ ಚೇತರಿಸಿಕೊಂಡಿದ್ದರು. ಆದರೆ ಆ ಸಲಹೆಗಾರರನ್ನು ತರಬೇತಿ ಮುಗಿದ ಮೇಲೆ ಬಿಟ್ಟುಬಿಡಲಿಲ್ಲ. ಒಬ್ಬರ ರೆಕಾರ್ಡಿಂಗ್ ಇನ್ನೊಬ್ಬರು ಕೇಳಿ ತಿದ್ದುವ ವ್ಯವಸ್ಥೆ ಇತ್ತು. ನಮ್ಮಲ್ಲಿ ತರಬೇತಿಗಳಿಗೆ ಬರವಿಲ್ಲ, ಈ ತಿದ್ದುವ ಕೆಲಸಕ್ಕೆ ಬರ.

ನಾಲ್ಕರಲ್ಲಿ ಯಾವುದು ಸರಿ ಅಂತ ಕೇಳುತ್ತೀರಿ. ಯಾವುದಾದರೂ ಒಂದನ್ನು ನೆಟ್ಟಗೆ ಕಲಿಯಿರಿ. ಎಲ್ಲ ಹಾದಿಯಲ್ಲೂ ಕೆಲಸ ಮಾಡುವುದು ಇಬ್ಬರ ನಡುವಿನ ನಂಟು. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ, ಏನು ಮಾಡುತ್ತಾ ಹೋಗಬೇಕು ಅನ್ನುವುದರಲ್ಲೂ ಒಪ್ಪಿಗೆ, ಜೊತೆಗೆ ನಂಬಿಕೆ. ಈ ಲೆಕ್ಕದಲ್ಲಿ ನಮ್ಮ ಕನ್ನಡದ ಶಬ್ದ ಚೆನ್ನಾಗಿದೆ. ಆಪ್ತಸಮಾಲೋಚನೆ ಅನ್ನುವುದರಲ್ಲಿ ಆಪ್ತತೆಯೂ ಇದೆ, ಕೂಡಿ ಯೋಚಿಸುವುದೂ ಇದೆ.

ಇಷ್ಟೆಲ್ಲ ಹೇಳಿ ಒಂದು ತಕರಾರನ್ನು ಮುಚ್ಚಿಡಬಾರದು. ನಮ್ಮ ಜನ ಸಲಹೆ ಕೇಳಿಕೊಂಡೇ ಬರುತ್ತಾರೆ. "ನೀವೇ ಹೇಳ್ರಿ, ಏನ್ ಮಾಡ್ಲಿ?" ಅಂತ ಕೈ ಮುಗಿದು ಕೂರುತ್ತಾರೆ. ಅದಕ್ಕೆ "ನಿಮಗೇನು ಅನ್ನಿಸುತ್ತದೆ?" ಅಂತ ತಿರುಗಿ ಕೇಳಿದರೆ, ಈ ಯಪ್ಪಾಗೆ ಏನೂ ಗೊತ್ತಿಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ. ಜೆ.ಎಸ್. ನೇಕಿ ಅನ್ನುವ ಮನೋವೈದ್ಯರು 1973ರಲ್ಲೇ ಇದನ್ನು ಬರೆದಿದ್ದರು. ನಮ್ಮಲ್ಲಿ ಗುರು-ಚೇಲಾ ನಂಟು ಚಿಕಿತ್ಸೆಗೆ ಒಂದು ಮಾದರಿ ಆಗಬಹುದು ಅಂತ. ನನ್ನ ಅನುಭವದಲ್ಲಿ, ಸಲಹೆ ಕೊಡಲೇಬಾರದು ಅನ್ನುವುದು ಅತಿಯಾಯಿತು. ಪೂರ್ತಿ ಕೇಳುವ ಮೊದಲು ಕೊಡಬಾರದು, ಅಷ್ಟೇ. ನಾನು ಹೀಗೆ ಹೇಳುತ್ತೇನೆ: "ಹೇಳ್ತೀನಿ ಅಮ್ಮ. ಆದ್ರೆ ಪೂರ್ತಿ ಕೇಳದೆ ಹೇಳಿದ್ರೆ ತಪ್ಪು ದಾರಿ ತೋರಿಸಿದ ಹಾಗಾಗುತ್ತೆ. ಇಲ್ಲಿವರೆಗೆ ನೀವು ಏನೇನು ಮಾಡಿ ನೋಡಿದ್ರಿ, ಅದನ್ನ ಮೊದಲು ಹೇಳಿ." ಈ ಕೊನೆಯ ಪ್ರಶ್ನೆ ಬಲು ಉಪಯೋಗದ್ದು. ಅವರು ಮಾಡಿ ನೋಡಿದ್ದರ ಪಟ್ಟಿ ಕೇಳುವಾಗ, ನಾನು ಹೇಳಬೇಕು ಅಂತಿದ್ದ ಮೂರೂ ಸಲಹೆ ಅದರಲ್ಲಿ ಬಂದುಹೋಗುತ್ತದೆ. ಎಷ್ಟು ಸಲ ಮಾನ ಉಳಿದಿದೆಯೋ ಲೆಕ್ಕವಿಲ್ಲ.

ಗುಟ್ಟಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮಗು ಹೇಳಿದ್ದು ಸ್ಟಾಫ್ ರೂಮಿನ ಚಹಾದ ಜೊತೆ ಹಂಚಿಹೋಗುವ ಹಾಗಿಲ್ಲ. ಹೆಸರು ಹೇಳಲಿಲ್ಲ ಅಂದರೂ ನಡೆಯುವುದಿಲ್ಲ, ಹಳ್ಳಿಯಲ್ಲಿ "ಕೆರೆ ಓಣಿಯ ಒಂಬತ್ತನೇ ಕ್ಲಾಸಿನ ಹುಡುಗಿ" ಅಂದರೆ ಅದೇ ಆಧಾರ್ ಕಾರ್ಡ್. ಆದರೆ "ಯಾರಿಗೂ ಹೇಳಲ್ಲ" ಅಂತ ಭಾಷೆಯನ್ನೂ ಕೊಡಬೇಡಿ. ಮೊದಲೇ ಹೇಳಿ: "ನೀ ಹೇಳಿದ್ದು ನನ್ನ ಹತ್ರನೇ ಇರತೈತಿ. ನಿನ್ನ ಜೀವಕ್ಕ ಅಪಾಯ ಐತಿ ಅನ್ನಿಸಿದ್ರ, ಯಾರಾದ್ರೂ ನಿನಗ ಕೆಟ್ಟದಾಗಿ ನಡಕೊಂಡಿದ್ರ ಮಾತ್ರ ಬೇರೆಯವರ ಸಹಾಯ ತಗೋಬೇಕಾಗತೈತಿ. ಅದನ್ನೂ ನಿನಗ ಹೇಳೇ ಮಾಡ್ತೀನಿ." ಇದು ಬರೀ ಸೌಜನ್ಯ ಅಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಮನೆ ಮರ್ಯಾದೆ, ಶಾಲೆಯ ಹೆಸರು ಅಂತ ಯಾರು ಒತ್ತಾಯ ಮಾಡಿದರೂ ಇದರಲ್ಲಿ ಬಗ್ಗಬೇಡಿ. ಬಾಲ್ಯವಿವಾಹದ ಸುಳಿವು ಸಿಕ್ಕಿದರೂ ಮಕ್ಕಳ ಸಹಾಯವಾಣಿ 1098 ಇದೆ.

ಸಾಯುವ ಮಾತು ಬಂದರೆ ಗಾಬರಿಯಾಗಿ ವಿಷಯ ಬದಲಿಸಬೇಡಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಸುತ್ತಿ ಬಳಸದೆ, "ಸತ್ತು ಹೋಗಬೇಕು ಅಂತ ಅನ್ನಿಸೈತೇನು?" ಅಂತ ಕೇಳಿ. ಹೌದು ಅಂದರೆ ಹೇಗೆ ಅಂತ ಯೋಚಿಸಿದ್ದಾರಾ ಕೇಳಿ. ಒಬ್ಬರನ್ನೇ ಬಿಡಬೇಡಿ, ಮನೆಯ ಒಬ್ಬ ನಂಬಿಕೆಯ ದೊಡ್ಡವರನ್ನು ಕರೆಸಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಇದ್ದರೆ ಅವತ್ತೇ ಬೇರೆ ಕಡೆ ಸಾಗಿಸಲು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುವಂತೆ ಮಾಡಿ. ಅಲ್ಲಿಂದ ಮುಂದಿನದು ಅವರ ಕೆಲಸ. ನೀವು ಜೊತೆಗಿರಿ, ಸಾಕು. ಇಲ್ಲದ್ದು ಕೇಳಿಸುವುದು, ಯಾರೋ ವಿಷ ಹಾಕುತ್ತಾರೆ ಅನ್ನುವುದು, ದಿನಗಟ್ಟಲೆ ನಿದ್ದೆ ಊಟ ಬಿಡುವುದು, ಇವೂ ಹಾಗೆಯೇ. ಮಾತಿನಿಂದ ಸರಿಮಾಡಲು ಕೂರಬೇಡಿ, ಡಾಕ್ಟರ ಹತ್ತಿರ ಕಳಿಸಿ.

ಹದಿನೈದು ದಿನದ ಕೋರ್ಸಿನ ಬಗ್ಗೆ. ಸೇರಿದರೆ ನಷ್ಟವೇನಿಲ್ಲ, ದುಡ್ಡು ಹೋಗುತ್ತದೆ ಅಷ್ಟೇ. ಆದರೆ ಅದನ್ನು ಹಿಡಿದುಕೊಂಡು ಬೋರ್ಡು ಹಾಕುವ ಹಾಗಿಲ್ಲ. ನಿಮ್ಮಂಥ ಶಿಕ್ಷಕರಿಗೆ ಸರಿಹೊಂದುವುದು ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾ. ಅದರ ಒಂದು ಕೇಂದ್ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಒಂದು ಭಾಗ ದೂರದಿಂದಲೇ ಓದುವುದು, ಒಂದು ಭಾಗ ಅಲ್ಲೇ ಇದ್ದು ಕಲಿಯುವುದು, ಕೊನೆಗೆ ನಿಮ್ಮೂರಿನಲ್ಲೇ ಕೆಲಸ ಮಾಡಿ ತೋರಿಸುವುದು. ಇಗ್ನೋದಲ್ಲೂ ಆಪ್ತಸಮಾಲೋಚನೆಯ ಕೋರ್ಸುಗಳಿವೆ. ಯಾವುದಕ್ಕೇ ಸೇರಿ, ಒಂದು ಪ್ರಶ್ನೆ ಕೇಳಿ: "ನಾನು ಮಾಡಿದ್ದನ್ನು ಕೂತು ನೋಡಿ ತಿದ್ದುವವರು ಇದ್ದಾರಾ?" ಬರೀ ವಿಡಿಯೊ ತೋರಿಸಿ, ಸರಿ ಉತ್ತರಕ್ಕೆ ಟಿಕ್ ಹಾಕಿಸುವ ಕೋರ್ಸು ಈಜು ಕಲಿಸುವ ಪುಸ್ತಕ ಇದ್ದ ಹಾಗೆ.

ಕನ್ನಡದಲ್ಲಿ ಇದೆಲ್ಲ ಹೊಸದು ಅಂದುಕೊಳ್ಳಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದ್ದು. ಜನಕ್ಕೆ ಕೇಳಿಸುವ ಹುಚ್ಚು ಹತ್ತಿಸಿದ್ದು ಒಬ್ಬ ಮನಃಶಾಸ್ತ್ರದ ಮೇಷ್ಟ್ರು! ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯ ಜನರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಡುತ್ತಾ ಬಂದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೋರ್ಸು ಸೇರುವವರೆಗೂ ಕಾಯಬೇಕಿಲ್ಲ. ಇಬ್ಬರು ಸಹೋದ್ಯೋಗಿಗಳನ್ನು ಜೊತೆ ಮಾಡಿಕೊಳ್ಳಿ. ವಾರಕ್ಕೊಮ್ಮೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ. ಒಬ್ಬರು ತಮ್ಮದೇ ಸಣ್ಣ ಕಿರಿಕಿರಿ ಹೇಳಲಿ, ನಾಟಕ ಬೇಡ, ದೊಡ್ಡ ದುಃಖವೂ ಬೇಡ. ಗಣತಿ ಡ್ಯೂಟಿ ಹಾಕಿದ ಸಿಟ್ಟು ಸಾಕು. ಒಬ್ಬರು ಕೇಳಲಿ. ಮೂರನೆಯವರು ಸುಮ್ಮನೆ ಕೂತು ಎಣಿಸಲಿ: ಎಷ್ಟು ಸಲಹೆ, ಎಷ್ಟು ಯಾಕೆ, ಎಷ್ಟು ಹೂಂ, ಎಷ್ಟು ಹೌದು. ಹತ್ತು ನಿಮಿಷಕ್ಕೆ ಸರದಿ ಬದಲಿಸಿ. ಒಪ್ಪಿಗೆ ಇದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿದ ಮೇಲೆ ಅಳಿಸಿ. ಮಕ್ಕಳ ಮಾತನ್ನು ಮಾತ್ರ ಎಂದಿಗೂ ರೆಕಾರ್ಡ್ ಮಾಡಬೇಡಿ.

ಮನೆಯವರ ಮೇಲೆ ಅಭ್ಯಾಸ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಮಾಡಿದ್ದೆ. ಕೋರ್ಸಿನ ಎರಡನೇ ತಿಂಗಳು. ಒಂದು ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ನಾನು ಬಾಗಿಲಿಗೆ ಓರೆಯಾಗಿ ನಿಂತು, ಸ್ವಲ್ಪ ಮುಂದೆ ಬಾಗಿ, ಮೆಲ್ಲಗೆ, "ಅಂದ್ರೆ ಇವತ್ತು ನಿನಗೆ ಎಲ್ಲ ಸಾಕಾಗಿ ಹೋಗಿದೆ, ಯಾರೂ ನಿನ್ನ ಕಷ್ಟ ನೋಡ್ತಿಲ್ಲ ಅನ್ನಿಸ್ತಿದೆ" ಅಂದೆ. ಅವಳು ಸೌಟು ಹಿಡಿದುಕೊಂಡೇ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಕ್ಲಾಸಿನ ಮಾತು ಕ್ಲಾಸಲ್ಲೇ ಇಟ್ಟು ಬನ್ನಿ. ಗ್ಯಾಸ್ ಬುಕ್ ಮಾಡಿ ಅಂತ ಮೂರು ದಿನದಿಂದ ಹೇಳ್ತಿದ್ದೀನಿ, ಅದು ಕೇಳಿಸ್ತಾ?"

ಹೌದು ಅಂದೆ.